ಓಲ್ಸನ್ 60 ಸಾಣಾಪುರ ಕೆರೆಗಿಳಿಯಿತು

ಬೆಂಚಿನ ಮೇಲೆ ಮಾತ್ರ ಓಡುತ್ತಿದ್ದ ಇಂಜಿನ್ ಈಗ ಪುಟ್ಟ ಮಾಡೆಲ್ ಬೋಟಿನಲ್ಲೂ ಓಡುತ್ತಿದೆ. ತಿರುವಿನಲ್ಲಿ ನಿಂತುಬಿಡುತ್ತೆ, ಅದನ್ನು ಕೊನೆಗೆ ಹೇಳ್ತೀನಿ.

ಮೊದಲ ಸಲ ಓದುವವರಿಗೆ: ಇದು ಅಮೆರಿಕದ ಲಾಸ್ ಏಂಜಲೀಸ್‌ನ ಓಲ್ಸನ್ ಅಂಡ್ ರೈಸ್ ಕಂಪನಿಯ ಮಾಡೆಲ್ ವಿಮಾನದ ಇಂಜಿನ್. ಟೂ ಸ್ಟ್ರೋಕ್, ಹತ್ತಿರ ಹತ್ತಿರ 10 ಸಿಸಿ. ಪರಿಚಯದ ನಿವೃತ್ತ ಇಂಜಿನಿಯರ್ ಒಬ್ಬರ ಟ್ರಂಕಿನಲ್ಲಿತ್ತು. 1947ರಲ್ಲಿ ಗ್ಲೋ ಪ್ಲಗ್ (ಕಿಡಿ ಇಲ್ಲದೆ, ಕಾದ ತಂತಿಯಿಂದಲೇ ಇಂಧನ ಹೊತ್ತಿಸುವ ಪ್ಲಗ್) ಮಾರುಕಟ್ಟೆಗೆ ಬಂದ ಮೇಲೆ ಕಿಡಿಯಲ್ಲಿ ಓಡುವ ಇಂಥ ಇಂಜಿನ್‌ಗಳು ಮೂಲೆ ಸೇರಿದವು. ಇದಕ್ಕೆ ಬ್ಯಾಟರಿ, ಕಿಡಿಗೆ ವೋಲ್ಟೇಜ್ ಏರಿಸುವ ಕಾಯಿಲ್, ಇಂಜಿನ್ ತಿರುಗಿದಂತೆ ತೆರೆದು ಮುಚ್ಚುವ ಸ್ವಿಚ್ಚಿನಂಥ ಪಾಯಿಂಟ್, ಕಂಡೆನ್ಸರ್ ಎಲ್ಲಾ ಬೇಕು. ಪುಟ್ಟ ಯೆಜ್ಡಿ ಅಂದುಕೊಳ್ಳಿ.

ಹಳೇ ಇಂಜಿನ್ ಸಿಕ್ಕ ತಕ್ಷಣ ಎಲ್ಲರೂ ಸ್ಪ್ಯಾನರ್ ಹಿಡಿದು ಬಿಚ್ಚೋಕೆ ಹೊರಡುತ್ತಾರೆ. ನಾನು ಬಿಚ್ಚಲಿಲ್ಲ. ಕೈಯಲ್ಲಿ ನಿಧಾನಕ್ಕೆ ತಿರುಗಿಸಿದರೆ ಪಿಸ್ಟನ್ ಮೇಲೆ ಬರುವಾಗ ಚೆನ್ನಾಗಿ ತಡೆಯುತ್ತಿತ್ತು. ಕಂಪ್ರೆಶನ್ ಇದೆ ಅಂದಮೇಲೆ ಒಳಗೆ ಕೈ ಹಾಕೋದ್ಯಾಕೆ? ಕಿಡಿ ಮಾತ್ರ ಇರಲಿಲ್ಲ. ಪಾಯಿಂಟ್ ತೆರೆದಾಗ ಅಲ್ಲೇ ಚಿಟಚಿಟ ಅಂತ ಬೆಂಕಿ ಹಾರುತ್ತಿತ್ತು, ಪ್ಲಗ್‌ನಲ್ಲಿ ಮಂಕು ಹಳದಿ. ಹಾಗಿದ್ದರೆ ಕಂಡೆನ್ಸರ್ ಮೇಲೇ ಮೊದಲ ಅನುಮಾನ. ಪಾಯಿಂಟ್ ತೆರೆದ ಕ್ಷಣ ಕರೆಂಟ್ ಪಟ್ ಅಂತ ನಿಂತರೆ ಮಾತ್ರ ಕಾಯಿಲ್‌ನಲ್ಲಿ ಜೋರು ವೋಲ್ಟೇಜ್ ಹುಟ್ಟುತ್ತೆ. ಹಾಗೆ ನಿಲ್ಲಿಸೋದೇ ಕಂಡೆನ್ಸರ್ ಕೆಲಸ. ಗಂಗಾವತಿಯ ಹಳೇ ಬೈಕ್ ಮೆಕ್ಯಾನಿಕ್ ಹತ್ತಿರ ಪಾಯಿಂಟ್ ಬೈಕಿನ ಕಂಡೆನ್ಸರ್ ಸಿಕ್ಕಿತು. ಪಾಯಿಂಟ್ ಉಜ್ಜಿ, ಫೀಲರ್ ಗೇಜ್ ಇಟ್ಟು ಕಾಲು ಮಿಲಿಮೀಟರ್ ಗ್ಯಾಪ್ ಕೊಟ್ಟೆ. ಕಿಡಿ ನೀಲಿಯಾಯಿತು, ಸದ್ದು ಮಾಡುವ ನೀಲಿ.

ಕಾಯಿಲ್ ಕೂಡ ಹಳೇ ಬೈಕಿನದೇ, 6 ವೋಲ್ಟ್. ಬ್ಯಾಟರಿ ಎಮರ್ಜೆನ್ಸಿ ಲ್ಯಾಂಪಿನದು. ವಿಮಾನಕ್ಕಾದರೆ ಇಷ್ಟು ಭಾರ ಯಾರೂ ಹೊರಿಸಲ್ಲ. ಬೋಟಿನ ತಳದಲ್ಲಿ ಇಟ್ಟರೆ ಅದೇ ಉಪಕಾರ, ಸೀಸದ ತುಂಡು ಇಡೋದು ತಪ್ಪಿತು. ಒಂದು ಸ್ವಿಚ್ ಮಾತ್ರ ಬೇಕೇ ಬೇಕು. ಪಾಯಿಂಟ್ ಮುಚ್ಚಿದ ಜಾಗದಲ್ಲಿ ಇಂಜಿನ್ ನಿಂತರೆ ಕಾಯಿಲ್ ಸುಮ್ನೆ ಬಿಸಿಯಾಗ್ತಾ ಇರುತ್ತೆ, ಬ್ಯಾಟರಿ ಇಳಿದುಹೋಗುತ್ತೆ.

ಇನ್ನು ಪೆಟ್ರೋಲ್. ಈಗ ಬಂಕಿನಲ್ಲಿ ಸಿಗೋದು ಇ20, ನೂರರಲ್ಲಿ ಇಪ್ಪತ್ತು ಭಾಗ ಎಥನಾಲ್. ಅದು ಗಾಳಿಯ ತೇವ ಎಳೆದುಕೊಳ್ಳುತ್ತೆ, ಹಳೇ ರಬ್ಬರ್, ವಾರ್ನಿಷ್ ತಿನ್ನುತ್ತೆ. ಹಾಗಾಗಿ ಅಂಗಳದಲ್ಲಿ ಪೆಟ್ರೋಲ್ ತೊಳೀತೀನಿ. ಗೆರೆ ಇರುವ ಗಾಜಿನ ಜಾಡಿಯಲ್ಲಿ 20 ಮಿಲಿ ನೀರು, ಮೇಲೆ 100 ಮಿಲಿ ಪೆಟ್ರೋಲ್. ಕುಲುಕಿ ಇಟ್ಟರೆ ಎಥನಾಲ್ ನೀರಿನ ಜೊತೆ ಸೇರಿ ಕೆಳಗಿಳಿಯುತ್ತೆ. ಕೆಳಗಿನ ಪದರ 40ರ ಹತ್ತಿರ ಬರೋದು ಕಣ್ಣಿಗೇ ಕಾಣುತ್ತೆ. ರಾತ್ರಿಯಿಡೀ ಬಿಟ್ಟು ಮೇಲಿನದನ್ನಷ್ಟೇ ಸಿರಿಂಜಿನಲ್ಲಿ ತೆಗೀತೀನಿ. ಆಕ್ಟೇನ್, ಅಂದರೆ ಒತ್ತಡದಲ್ಲಿ ತಾನಾಗಿ ಹೊತ್ತಿಕೊಳ್ಳದೆ ತಡೆಯುವ ಗುಣ, ಕಡಿಮೆಯಾಗುತ್ತೆ ನಿಜ, ಆದರೆ ಇಷ್ಟು ಕಡಿಮೆ ಕಂಪ್ರೆಶನ್ ಅನುಪಾತದ ಇಂಜಿನ್‌ಗೆ ಅದರ ಚಿಂತೆ ಇಲ್ಲ. ಮೂರು ಭಾಗ ಪೆಟ್ರೋಲ್‌ಗೆ ಒಂದು ಭಾಗ ದಪ್ಪಗಿನ ಎಸ್‌ಎಇ 50 ಇಂಜಿನ್ ಆಯಿಲ್. ಹರಳೆಣ್ಣೆ ಬೇಡ, ಪೆಟ್ರೋಲ್ ಜೊತೆ ಸರಿಯಾಗಿ ಬೆರೆಯಲ್ಲ.

ಫ್ಲೈವೀಲ್ ಮಾಡಿಕೊಟ್ಟವರು ರೈಸ್ ಮಿಲ್ ಶಾಫ್ಟ್ ಕಡೆಯುವ ಲೇತ್ ಅಂಗಡಿಯವರು. ಹಿತ್ತಾಳೆ, 60 ಮಿ.ಮೀ. ವ್ಯಾಸ, 18 ಮಿ.ಮೀ. ದಪ್ಪ, ಹಗ್ಗ ಸುತ್ತೋಕೆ ಅಂಚಿನಲ್ಲಿ ತೋಡು. "ಇಷ್ಟ ಸಣ್ಣದಕ್ಕ ಎಷ್ಟ್ ತಗೊಳ್ಳೋದ್ರೀ" ಅಂತ ಕೇಳಿ, ಆಮೇಲೆ ಜಾಸ್ತಿನೇ ತಗೊಂಡರು.

ಪ್ರೊಪೆಲ್ಲರ್ ವಿಷಯ ತಲೆ ತಿಂದಿತು. ಇದು ವಿಮಾನದ ಇಂಜಿನ್, ಮುಂದಿನಿಂದ ನೋಡಿದರೆ ಎಡಕ್ಕೆ ತಿರುಗುತ್ತೆ. ಬೋಟಿನಲ್ಲಿ ಅದರ ಮೂತಿ ಹಿಂದಕ್ಕೆ. ಅಂದರೆ ಹಿಂದಿನಿಂದ ನೋಡಿದರೂ ಎಡಕ್ಕೇ. ಅಂಗಡಿಯಲ್ಲಿ ನನಗೆ ಸಿಕ್ಕ ಪ್ರೊಪೆಲ್ಲರ್ ಬಲಕ್ಕೆ ತಿರುಗುವಂಥದ್ದು, ಹಾಕಿದರೆ ಬೋಟ್ ಹಿಮ್ಮುಖ ಹೋಗುತ್ತೆ. ಇಂಜಿನ್ ಉಲ್ಟಾ ಓಡಿಸೋಣ ಅಂದರೆ ಪೆಟ್ರೋಲ್ ಒಳಗೆ ಬಿಡುವ ರೋಟರಿ ವಾಲ್ವ್ ಒಂದೇ ದಿಕ್ಕಿಗೆ ಕೊರೆದದ್ದು. ಕೊನೆಗೆ ಹಿತ್ತಾಳೆ ತಗಡಿನ ಮೂರು ಎಲೆ ಕತ್ತರಿಸಿ, ಎಡ ತಿರುವಿಗೆ ಬೆಸುಗೆ ಹಾಕಿಸಿದೆ.

ಗಾಳಿ ತಾಗದ ಜಾಗ ಅಂತ ಸಿಲಿಂಡರ್‌ಗೆ ಫ್ರಿಜ್ ರಿಪೇರಿಯವರ ತಾಮ್ರದ ಟ್ಯೂಬ್ ಸುತ್ತಿದ್ದೀನಿ. ಪ್ರೊಪೆಲ್ಲರ್ ಹಿಂದೆ ಮೂತಿ ಇಟ್ಟರೆ ನೀರು ತಾನಾಗಿ ಏರುತ್ತೆ, ಪಂಪ್ ಬೇಡ.

ಸಾಣಾಪುರದಲ್ಲಿ ಬೆಳಿಗ್ಗೆ ಹೊತ್ತು ತೆಪ್ಪದವರು ಇನ್ನೂ ಟೂರಿಸ್ಟ್‌ಗಳನ್ನು ಕಾಯುತ್ತಿದ್ದರು. ಕಿಡಿ ಹಾರುವ ಹೊತ್ತನ್ನು ಹಿಂದೆ ಮುಂದೆ ಮಾಡುವ ಟೈಮಿಂಗ್ ಲಿವರ್ ಹಿಂದಕ್ಕೆ ಎಳೆದು ಹಗ್ಗ ಜಗ್ಗಿದೆ. ಲಿವರ್ ಮುಂದಿದ್ದರೆ ಹಗ್ಗವನ್ನೇ ಒದ್ದು ಕಿತ್ತುಕೊಳ್ಳುತ್ತೆ. ಹಿಡಿದ ಮೇಲೆ ಲಿವರ್ ಮುಂದೆ ತಳ್ಳಿದರೆ ಸದ್ದೇ ಬೇರೆ. ಇದರ ವೇಗ ನಡೆಯೋದು ಲಿವರ್‌ನಲ್ಲೇ, ರಿಮೋಟ್ ಹೇಳಿದಂತೆ ತಿರುಗುವ ಪುಟ್ಟ ಮೋಟರ್, ಅಂದರೆ ಸರ್ವೋ, ಅದಕ್ಕೇ ಕಟ್ಟಿದ್ದೀನಿ. ಒಬ್ಬರು ಹತ್ತಿರ ಬಂದು, "ಸರ, ಇದರಾಗ ಮಂದಿ ಕೂಡಂಗಿಲ್ಲ, ಮತ್ಯಾಕ್ರೀ ಇಷ್ಟ್ ಹೊಗಿ?" ಅಂದರು. ಬೋಟ್ ನಡುನೀರಲ್ಲಿ ನಿಂತಾಗ ತಂದುಕೊಟ್ಟವರೂ ಅವರೇ.

ನಿಲ್ಲೋದು ಎಡಕ್ಕೆ ಜೋರಾಗಿ ತಿರುಗಿದಾಗ ಮಾತ್ರ. ಟ್ಯಾಂಕಿನ ಪೆಟ್ರೋಲ್ ಬಲಗೋಡೆಗೆ ಸರಿದು ಪೈಪಿನ ಬಾಯಿ ಬರಿದಾಗುತ್ತೆ. ಟ್ಯಾಂಕನ್ನು ನಡುವೆ ತಂದು, ಒಳಗೆ ತೂತಿರುವ ಎರಡು ತಡೆ ತಗಡು ಹಾಕಬೇಕು. ಸಿಲಿಕೋನ್ ಪೈಪ್ ಪೆಟ್ರೋಲ್‌ಗೆ ಊದಿಕೊಂಡಿದೆ, ಅದನ್ನೂ ಕಿತ್ತು ಬೈಕಿನ ಪೆಟ್ರೋಲ್ ಪೈಪ್ ಹಾಕ್ತೀನಿ. ತಗಡು ಕತ್ತರಿಸಿ ಆಗಿದೆ, ಬೆಸುಗೆ ಭಾನುವಾರ.