ಟೊಳ್ಳು ಸದ್ದಿನ ಗೋಡೆ

ಲಂಡನ್ನಿನ ಬ್ಲೂಮ್ಸ್‌ಬರಿಯಲ್ಲಿ, ಬೆಡ್‌ಫರ್ಡ್ ಚೌಕಕ್ಕೆ ಸಮೀಪದ ಒಂದು ಹಳೆಯ ಮನೆಯ ಕಚೇರಿ ನವೀಕರಣಕ್ಕೆ ನಾನು ಸೈಟ್ ಎಂಜಿನಿಯರ್ ಆಗಿದ್ದೆ. ಮೊದಲ ಮಹಡಿಯ ನಡುಗೋಡೆಯಲ್ಲಿ ಗರಗಸ ಸಿಕ್ಕಿಕೊಂಡ ಆ ಬೆಳಗ್ಗೆಯನ್ನು ನೆನೆದರೆ ಈಗಲೂ ಅಂಗೈ ಬೆವರುತ್ತದೆ.

ಬೆಡ್‌ಫರ್ಡ್ ಚೌಕದ ಮನೆಗಳು 1775ರಿಂದ 1783ರ ನಡುವೆ ಎದ್ದವು, ಸುತ್ತಲಿನ ಬೀದಿಗಳ ಅನೇಕ ಮನೆಗಳದೂ ಅದೇ ಅಚ್ಚು. ನೆರೆಮನೆಯೊಂದಿಗೆ ಹಂಚಿಕೊಂಡ ಇಟ್ಟಿಗೆಯ ಪಾರ್ಟಿ ವಾಲ್, ಪಾದಚಾರಿ ದಾರಿಯ ಅಡಿಗೆ ಚಾಚಿದ ಕಲ್ಲಿದ್ದಲು ಇಡುವ ಕಮಾನು ಕೋಣೆಗಳು, ಮೊದಲ ಮಹಡಿಯಲ್ಲಿ ಅತಿ ಎತ್ತರದ ಕಿಟಕಿಗಳ ದಿವಾನಖಾನೆ, ಮೇಲೇರಿದಂತೆ ಗಿಡ್ಡವಾಗುತ್ತಾ ಹೋಗುವ ಕೋಣೆಗಳು. 1774ರ ಕಟ್ಟಡ ಕಾಯ್ದೆಯು ಮನೆಗಳನ್ನು ದರ್ಜೆಗಳಾಗಿ ವಿಂಗಡಿಸಿ ಇಟ್ಟಿಗೆ ಗೋಡೆಗಳ ದಪ್ಪವನ್ನು ನಿಗದಿ ಮಾಡಿತ್ತು. ಆದ್ದರಿಂದ ಅಂಥ ಮನೆಯ ಹೊರಗೋಡೆಗಳನ್ನು ಓದುವುದು ಸುಲಭ. ನಾನು ಎಡವಿದ್ದು ಒಳಗಿನ ಮರದ ಗೋಡೆಯಲ್ಲಿ.

ದಿವಾನಖಾನೆಯನ್ನೂ ಹಿಂದಿನ ಕೋಣೆಯನ್ನೂ ಬೇರ್ಪಡಿಸುವ ಆ ಗೋಡೆಗೆ ಹಿಂದಿನ ಬಾಡಿಗೆದಾರರು ಯಾವಾಗಲೋ ಪ್ಲಾಸ್ಟರ್‌ಬೋರ್ಡ್ ಹೊಡೆಸಿದ್ದರು. ತಟ್ಟಿದರೆ ಟೊಳ್ಳು ಸದ್ದು. ನಡುವೆ ಎಂಟು ಅಡಿ ಅಗಲದ ಜೋಡಿ ಬಾಗಿಲು. ಇಟ್ಟಿಗೆ, ಕಲ್ಲಿನ ಮನೆಗಳ ಊರಿನಲ್ಲಿ ಬೆಳೆದ ನನಗೆ ಟೊಳ್ಳು ಗೋಡೆ ಭಾರ ಹೊರುವುದಿಲ್ಲ ಎಂಬುದು ಅನುಮಾನಿಸಬೇಕಾದ ಸಂಗತಿಯೇ ಆಗಿರಲಿಲ್ಲ. ನಕ್ಷೆಯ ಮೇಲೆ ‘ಆಧುನಿಕ ಪಾರ್ಟಿಷನ್’ ಎಂದು ಬರೆದವನು ನಾನೇ, ಆ ನಕ್ಷೆಯ ಆಧಾರದ ಮೇಲೆಯೇ ಗೋಡೆಯ ಮೂಲಕ ಕೇಬಲ್ ಟ್ರೇ (ತಂತಿಗಳನ್ನು ಹೊರುವ ತಟ್ಟೆ) ಹಾಯಿಸಲು ಕನ್ಸೆಂಟ್, ಅಂದರೆ ಸಂರಕ್ಷಿತ ಕಟ್ಟಡದಲ್ಲಿ ಕೆಲಸ ಮಾಡಲು ಬೇಕಾದ ಸ್ಥಳೀಯ ಆಡಳಿತದ ಅನುಮತಿ ಕೂಡ ಸಿಕ್ಕಿತ್ತು. ಗೋಡೆಯನ್ನು ಒಂದೆರಡು ಕಡೆ ಬಿಚ್ಚಿ ನೋಡಲು ಅರ್ಧ ದಿನ ಕೇಳಿದಾಗ, ಲೇಸರ್ ಸ್ಕ್ಯಾನ್ ಇರುವಾಗ ಅದೇಕೆ ಎಂದು ಮ್ಯಾನೇಜ್‌ಮೆಂಟ್ ನಿರಾಕರಿಸಿತು. ಸ್ಕ್ಯಾನ್ ಮೇಲ್ಮೈಯನ್ನು ಮಿಲಿಮೀಟರ್ ಲೆಕ್ಕದಲ್ಲಿ ತೋರಿಸುತ್ತದೆ, ಒಳಗಿರುವುದನ್ನು ಕಿಂಚಿತ್ತೂ ತೋರಿಸುವುದಿಲ್ಲ. ಅದು ಗೊತ್ತಿದ್ದೂ ನಾನು ಪಟ್ಟು ಹಿಡಿಯಲಿಲ್ಲ.

ಬಾಗಿಲಿನ ಮೇಲ್ಮೂಲೆಯಲ್ಲಿ ಬೋರ್ಡ್ ಕಿತ್ತಾಗ ಲಾತ್ (ಹಳೆಯ ಗಾರೆ ಹಿಡಿಯಲು ಹೊಡೆದ ತೆಳು ಮರಪಟ್ಟಿಗಳು) ಕಂಡಿತು, ಅದರ ಹಿಂದೆ ಓರೆಯಾಗಿ ಇಳಿದಿದ್ದ ನಾಲ್ಕಿಂಚಿನ ಮರ. ಹಳೆಯ ತುಂಡಿರಬೇಕು, ಕತ್ತರಿಸಿ ಎಂದೆ. ಎರಡು ಇಂಚು ಹೋಗುವಷ್ಟರಲ್ಲಿ ಗರಗಸ ನಿಂತಿತು. ಹಿರಿಯ ಬಡಗಿ ಅಲಗನ್ನು ಎಳೆದು ನೋಡಿ, ಮರ ಗರಗಸವನ್ನು ಕಚ್ಚುತ್ತಿದೆ, ಇದರ ಮೇಲೆ ಭಾರವಿದೆ ಎಂದರು. ಅದೇ ಹೊತ್ತಿಗೆ ಎರಡನೆಯ ಮಹಡಿಯಿಂದ, ಬಾಗಿಲು ಚೌಕಟ್ಟಿಗೆ ಸಿಕ್ಕಿಕೊಂಡಿದೆ ಎಂದು ಕಚೇರಿಯವರೊಬ್ಬರು ಕೂಗಿ ಹೇಳಿದರು.

ಆಗ ನನಗೆ ಎಲ್ಲವೂ ಒಟ್ಟಿಗೆ ಅರ್ಥವಾಯಿತು. ಅದು ಟ್ರಸ್ಡ್ ಪಾರ್ಟಿಷನ್ ಆಗಿತ್ತು: ಮೇಲಿನ ಮಹಡಿಗಳ ಹಲಗೆ ಹೊರುವ ತೊಲೆಗಳಾದ ಜಾಯಿಸ್ಟ್‌ಗಳು ಅದರ ಮೇಲೆ ಕುಳಿತಿದ್ದವು, ಆ ಓರೆಮರಗಳು ಭಾರವನ್ನು ಬಾಗಿಲಿನ ಮೇಲಿಂದ ಹಾಯಿಸಿ ಎರಡೂ ಪಕ್ಕದ ಪಾರ್ಟಿ ವಾಲ್‌ಗಳಿಗೆ ಒಯ್ಯುತ್ತಿದ್ದವು. ಅಷ್ಟು ಅಗಲದ ಬಾಗಿಲು ಸಾಧ್ಯವಾದದ್ದೇ ಆ ಗೋಡೆ ಭಾರ ಹೊರುವಂತೆ ಕಟ್ಟಿದ್ದರಿಂದ. ನಾನು ಅದೇ ಬಾಗಿಲನ್ನು ತದ್ವಿರುದ್ಧ ಸಾಕ್ಷಿಯಾಗಿ ಓದಿದ್ದೆ. ಮೇಲಿನ ಮಹಡಿಯ ಹಲಗೆಗಳು ಬೀದಿಗೆ ಸಮಾನಾಂತರವಾಗಿದ್ದವು, ಮೊಳೆಗಳ ಸಾಲುಗಳು ಮುಂಗೋಡೆಯಿಂದ ನೇರ ಈ ಗೋಡೆಯತ್ತ ಬರುತ್ತಿದ್ದವು. ಅವುಗಳ ಮೇಲೆ ನಾನು ವಾರಗಟ್ಟಲೆ ಓಡಾಡಿದ್ದೆ.

ಮೇಲಿನವರನ್ನು ಕೆಳಗಿಳಿಸಿದೆವು. ಗಾಬರಿಯಲ್ಲಿ ನಾನು ಸೈಟಿನಲ್ಲಿದ್ದ ನಾಲ್ಕೂ ತಾತ್ಕಾಲಿಕ ಆನಿಕೆ ಕಂಬಗಳನ್ನು, ಅಂದರೆ ಪ್ರಾಪ್‌ಗಳನ್ನು ಮೊದಲ ಮಹಡಿಯಲ್ಲೇ ನಿಲ್ಲಿಸಲು ಹೇಳಿದೆ. ಫೋನಿನಲ್ಲಿದ್ದ ಸ್ಟ್ರಕ್ಚರಲ್ ಎಂಜಿನಿಯರ್ ತಡೆಯದಿದ್ದರೆ ಆ ಭಾರವೆಲ್ಲ ಕೆಳಗಿನ ಸೂರಿನ ಜಾಯಿಸ್ಟ್‌ಗಳ ಮೇಲೆ ಬೀಳುತ್ತಿತ್ತು. ನೆಲಮಾಳಿಗೆಯ ಹಾಸುಗಲ್ಲಿನಿಂದ ಮೇಲಕ್ಕೆ ಪ್ರತಿ ಮಹಡಿಯಲ್ಲೂ ಪ್ರಾಪ್ ಕೊಡಬೇಕಿತ್ತು, ಉಳಿದವು ಬಾಡಿಗೆ ಯಾರ್ಡ್‌ನಿಂದ ಬರಲು ನಲವತ್ತು ನಿಮಿಷ ಹಿಡಿಯಿತು. ಅಷ್ಟೂ ಹೊತ್ತು ನಾನು ಸೂರಿನಂಚಿನ ಅಲಂಕಾರ ಪಟ್ಟಿಯಾದ ಕಾರ್ನಿಸ್‌ನ ಕೂದಲೆಳೆ ಬಿರುಕಿನ ಎರಡೂ ತುದಿಗೆ ಪೆನ್ಸಿಲ್ ಗುರುತು ಹಾಕಿ, ಅದು ಬೆಳೆಯುತ್ತಿದೆಯೇ ಎಂದು ನೋಡುತ್ತಾ ನಿಂತಿದ್ದೆ. ಅದು ಬೆಳೆಯಲಿಲ್ಲ.

1990ರ ಕಾಯ್ದೆಯ ಪ್ರಕಾರ ಲಿಸ್ಟೆಡ್, ಅಂದರೆ ಸಂರಕ್ಷಣೆಗೆ ಪಟ್ಟಿ ಮಾಡಿದ ಕಟ್ಟಡದಲ್ಲಿ ಅನುಮತಿಯಿಲ್ಲದ ಕೆಲಸ ಅಪರಾಧ, ಸುರಕ್ಷತೆಗಾಗಿ ಮಾಡಿದ ತುರ್ತು ಕೆಲಸಕ್ಕೂ ಕಾರಣವನ್ನು ಬೇಗನೆ ಲಿಖಿತವಾಗಿ ತಿಳಿಸಬೇಕು. ಪತ್ರವನ್ನು ಮೃದುಗೊಳಿಸಲು ಮ್ಯಾನೇಜರ್ ಹೇಳಿದರು. ನನ್ನ ಟಿಪ್ಪಣಿ ತಪ್ಪಾಗಿತ್ತು ಎಂದೇ ನಾನು ಸ್ಥಳೀಯ ಆಡಳಿತದ ಕನ್ಸರ್ವೇಷನ್ ಆಫೀಸರ್‌ಗೆ ಬರೆದೆ. ಮರುದಿನ ಬಂದ ಅವರು ಗೋಡೆಯ ಮುಂದೆ ಒಂದು ಗಂಟೆ ಕಳೆದು, ಓರೆಮರವನ್ನು ಬದಲಿಸದೆ ಎರಡೂ ಬದಿಗೆ ಉಕ್ಕಿನ ಪಟ್ಟಿ ಕೊಟ್ಟು ಬೋಲ್ಟ್ ಹಾಕುವ ಸಲಹೆಯನ್ನು ಒಪ್ಪಿದರು. ಕೇಬಲ್‌ಗಳು ಈಗ ಉಪಯೋಗದಲ್ಲಿಲ್ಲದ ಹೊಗೆಗೂಡಿನ ಮೂಲಕ ಮೇಲೇರುತ್ತವೆ. ಗರಗಸದ ಸೀಳು ಆ ಉಕ್ಕಿನ ಪಟ್ಟಿಗಳ ನಡುವೆ ಹಾಗೆಯೇ ಇದೆ, ಹೊಸ ನಕ್ಷೆಯಲ್ಲಿ ಅದರ ಜಾಗವನ್ನೂ ಆಳವನ್ನೂ ನಾನೇ ಗುರುತಿಸಿದ್ದೇನೆ.