ಬೀದರ ಕೋಟೆಯ ಮೇಲೊಂದು ಸಪ್ಪಳ

ಕಲಬುರಗಿಯಿಂದ ಬೀದರಿಗೆ ರೈಲಿನಲ್ಲಿ ಹೋದೆವು, ನಾನು ಮತ್ತು ಅಣ್ಣನ ಮಗಳು. 15ನೇ ಶತಮಾನದಲ್ಲಿ ಬಹಮನಿ ಅಹ್ಮದ್ ಶಾ ರಾಜಧಾನಿಯನ್ನು ಹೊತ್ತೊಯ್ದದ್ದೂ ಇದೇ ದಿಕ್ಕಿಗೆ. ಅವನ ಸಾಮಾನು ಜಾಸ್ತಿ ಇದ್ದೀತು. ನಮ್ಮದು ಒಂದು ಗಂಟು ರೊಟ್ಟಿ, ಶೇಂಗಾ ಹಿಂಡಿ, ಎರಡು ಬಾಟಲಿ ನೀರು.

ಕೋಟೆಯಲ್ಲಿ ನನಗೆ ಹಿಡಿಸಿದ್ದು ಕಂದಕ. ಬಂಡೆಯನ್ನೇ ಕೊರೆದು ಮೂರು ಸಾಲು ಮಾಡಿದ್ದಾರೆ. ಹುಡುಗಿಗೆ ಹಿಡಿಸಿದ್ದು ಬುರುಜಿನ ಮೇಲಿನ ತೋಪು. ಅದರ ಬಾಯೊಳಗೆ ಕೈ ಹಾಕಿ, "ಅತ್ತಿ, ಇದನ್ನ ಹೆಂಗಸರು ಹಾರಸ್ತಿದ್ರೇನು?" ಎಂದಳು. ಇಲ್ಲಮ್ಮಾ ಅನ್ನುವಷ್ಟರಲ್ಲಿ ತಲೆಯ ಮೇಲೆ ಆಕಾಶ ಹರಿದಂತೆ ಸಪ್ಪಳ. ಹಾಕ್ ವಿಮಾನ.

ಬೀದರಿನ ವಾಯುನೆಲೆಯಲ್ಲಿ ಫೈಟರ್ ಪೈಲಟ್‌ಗಳಿಗೆ ತರಬೇತಿ ಕೊಡುತ್ತಾರೆ. ಹಾಕ್‌ನಲ್ಲಿ ಕಲಿಯುವವರು ಮುಂದೆ, ಕಲಿಸುವವರು ಹಿಂದೆ. ನಮ್ಮ ಕಾರು ಕಲಿಕೆಗಿಂತ ಧೈರ್ಯದ ಕೆಲಸ, ಅಲ್ವಾ? 2016ರ ಜೂನ್‌ನಲ್ಲಿ ಹೈದರಾಬಾದ್ ಹತ್ತಿರದ ದುಂಡಿಗಲ್ ವಾಯುಪಡೆ ಅಕಾಡೆಮಿಯಲ್ಲಿ ಅಧಿಕಾರಿಗಳಾದ ಅವನಿ ಚತುರ್ವೇದಿ, ಭಾವನಾ ಕಾಂತ್, ಮೋಹನಾ ಸಿಂಗ್ ದೇಶದ ಮೊದಲ ಮಹಿಳಾ ಫೈಟರ್ ಪೈಲಟ್‌ಗಳು. ಅವರು ಹಾಕ್ ಹಾರಿಸಲು ಕಲಿತದ್ದು ಇದೇ ಬೀದರಿನಲ್ಲಿ. 2018ರಲ್ಲಿ ನಮ್ಮ ಚಿಕ್ಕಮಗಳೂರು ಜಿಲ್ಲೆಯ ಮೇಘನಾ ಶಾನಭೋಗ್ ಕೂಡ ಫೈಟರ್ ಪೈಲಟ್ ಆದರು.

ಇದನ್ನೆಲ್ಲ ಹೇಳಿದರೆ ಹುಡುಗಿ, "ಯುದ್ಧಕ್ಕೆ ಹೋಗ್ಯಾರೇನು?" ಎಂದು ಕೇಳಿದಳು. ಮಕ್ಕಳು ಸುಮ್ನೆ ಬಿಡುವುದಿಲ್ಲ. ತೋಪಿನ ನೆರಳಿನಲ್ಲಿ ಗಂಟು ಬಿಚ್ಚಿ, ರೊಟ್ಟಿ ಮುರಿಯುತ್ತಾ ಕಾರ್ಗಿಲ್ ಕತೆ ಹೇಳಿದೆ. 1999ರಲ್ಲಿ ಗುಂಜನ್ ಸಕ್ಸೇನಾ, ಶ್ರೀವಿದ್ಯಾ ರಾಜನ್ ಅಲ್ಲಿ ಚೀತಾ ಹೆಲಿಕಾಪ್ಟರ್ ಹಾರಿಸಿದರು. ಅದು ಬಹಳ ಸಣ್ಣ ಹೆಲಿಕಾಪ್ಟರ್, ಅದರಲ್ಲಿ ತೋಪಿಲ್ಲ. ಕೆಳಗೆ ಗುಂಡಿನ ಕಾಳಗ ನಡೆದಾಗ ಗಾಯಾಳುಗಳನ್ನು ತರುವ ಕೆಲಸ. ಅದಕ್ಕೂ ಹಿಂದೆ, 1942ರಲ್ಲಿ, ಎರಡನೇ ಮಹಾಯುದ್ಧದ ನಡುವೆ ಬ್ರಿಟಿಷರು ಭಾರತದಲ್ಲಿ ಮಹಿಳಾ ಸಹಾಯಕ ದಳ ಕಟ್ಟಿದ್ದರು. ಅವರಿಗೂ ಖಾಕಿ ಇತ್ತು, ಕೆಲಸ ಮಾತ್ರ ಹೆಚ್ಚಾಗಿ ಟೈಪಿಂಗ್, ಟೆಲಿಫೋನ್. ಫೈಟರ್ ವಿಮಾನದ ಬಾಗಿಲು ತೆರೆಯಲು ಕಾರ್ಗಿಲ್ ಆಗಿಯೂ 16 ವರ್ಷ ಬೇಕಾಯಿತು. ಯಾಕೆ ಅಂತ ಅವಳು ಕೇಳಿದಳು. ನನ್ನ ಬಾಯಲ್ಲಿ ರೊಟ್ಟಿ ಇತ್ತು, ಬಚಾವಾದೆ.

ಇಳಿಯುವಾಗ ಬಾಗಿಲ ಹತ್ತಿರ ಶೇಂಗಾ ಮಾರುವ ಮುದುಕಿಗೆ ಹುಡುಗಿ ಮೇಲೆ ಬೆರಳು ಮಾಡಿ, "ಅಮ್ಮಾ, ಹುಡುಗ್ಯಾರೂ ಹಾರಸ್ತಾರ್ರಿ ಇದನ್ನ" ಎಂದಳು.

"ಯಾರರ ಹಾರಸ್ಲಿ ಬಿಡವ್ವಾ, ಮಲಗಿಸಿದ ಮೊಮ್ಮಗ ಎದ್ದು ಕೂಡ್ತಾನ" ಎಂದು ಮುದುಕಿ ಹತ್ತು ರೂಪಾಯಿಯ ಪೊಟ್ಟಣ ಕಟ್ಟಿ ಕೊಟ್ಟಳು.