ಅಳಿಲನ್ನು ಕಾಪಾಡಿದ ಸೂಪರ್‌ಮ್ಯಾನ್

ಜೇಮ್ಸ್ ಗನ್ ಅವರು ನಿರ್ದೇಶಿಸಿ, 2025ರ ಜುಲೈನಲ್ಲಿ ತೆರೆಕಂಡ ‘ಸೂಪರ್‌ಮ್ಯಾನ್’ ಚಿತ್ರದಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದುಹೋಗುವ ಒಂದು ದೃಶ್ಯವಿದೆ. ದೈತ್ಯ ಪ್ರಾಣಿಯೊಂದು ಮೆಟ್ರೊಪೊಲಿಸ್ ನಗರದ ಬೀದಿಗಳಲ್ಲಿ ದಾಂಧಲೆ ನಡೆಸುತ್ತಿದೆ, ಜನ ದಿಕ್ಕಾಪಾಲಾಗಿ ಓಡುತ್ತಿದ್ದಾರೆ. ಆ ಗಲಿಬಿಲಿಯ ನಡುವೆ ಅಪಾಯಕ್ಕೆ ಸಿಲುಕಿದ ಒಂದು ಅಳಿಲನ್ನು ಸೂಪರ್‌ಮ್ಯಾನ್ ಬಾಚಿಕೊಂಡು ದೂರಕ್ಕೆ ಸಾಗಿಸುತ್ತಾನೆ, ಮತ್ತೆ ಕಾಳಗಕ್ಕೆ ಮರಳುತ್ತಾನೆ. ಪ್ರಾಯೋಗಿಕ ಪ್ರದರ್ಶನ ನೋಡಿದ ಕೆಲವರಿಗೆ ಇದು ಹಿಡಿಸಲಿಲ್ಲವೆಂದೂ, ಆದರೂ ತಾವು ಅದನ್ನು ಉಳಿಸಿಕೊಂಡುದಾಗಿಯೂ ಗನ್ ಹೇಳಿದ್ದಾರೆ. ‘ಅಳಿಲು ಸೇವೆ’ ಎಂಬ ಮಾತನ್ನು ದಿನವೂ ಆಡುವ ಭಾಷೆ ನಮ್ಮದಾದ್ದರಿಂದಲೋ ಏನೋ, ಇಡೀ ಚಿತ್ರದಲ್ಲಿ ನನ್ನ ಮನಸ್ಸಿನಲ್ಲಿ ಉಳಿದದ್ದು ಇದೇ ದೃಶ್ಯ. ಗನ್ ಅವರ ಮುಂದಿನ ಚಿತ್ರಗಳನ್ನು ನಾನು ಕಾತರದಿಂದ ಎದುರುನೋಡುವುದಕ್ಕೂ ಇದೇ ಕಾರಣ.

ಸೂಪರ್‌ಹೀರೋ ಎಂಬ ಕಲ್ಪನೆ ಹುಟ್ಟಿದ್ದೇ ಇಂತಹ ಸಣ್ಣ ಅಳತೆಯಲ್ಲಿ. ಕ್ಲೀವ್‌ಲ್ಯಾಂಡ್‌ನ ಇಬ್ಬರು ಯುವಕರು, ಜೆರ್ರಿ ಸೀಗಲ್ ಮತ್ತು ಜೋ ಶುಸ್ಟರ್, 1938ರಲ್ಲಿ ಸೂಪರ್‌ಮ್ಯಾನ್‌ನ ಹಕ್ಕನ್ನು 130 ಡಾಲರಿಗೆ ಮಾರಿಕೊಂಡರು. ‘ಆಕ್ಷನ್ ಕಾಮಿಕ್ಸ್’ನ ಮೊದಲ ಸಂಚಿಕೆಯಲ್ಲಿ ಕಾಣಿಸಿಕೊಂಡ ಆ ಸೂಪರ್‌ಮ್ಯಾನ್‌ಗೆ ಹಾರಲು ಬರುತ್ತಿರಲಿಲ್ಲ, ಒಂದು ಮೈಲಿಯ ಎಂಟನೇ ಒಂದು ಭಾಗದಷ್ಟು ದೂರ ನೆಗೆಯುತ್ತಿದ್ದ, ಅಷ್ಟೇ. ಅವನು ಮಾಡಿದ ಕೆಲಸಗಳಾದರೂ ಯಾವುವು? ತಪ್ಪು ಮಾಡದೆ ಮರಣದಂಡನೆಗೆ ಗುರಿಯಾಗಿದ್ದ ಹೆಂಗಸನ್ನು ಉಳಿಸಲು ನಡುರಾತ್ರಿ ಗವರ್ನರ್ ಮನೆಯ ಬಾಗಿಲು ಮುರಿದ; ಹೆಂಡತಿಯನ್ನು ಹೊಡೆಯುತ್ತಿದ್ದ ಗಂಡನನ್ನು ಹಿಡಿದು ಗೋಡೆಗೆ ಎಸೆದ. ಅಲ್ಲಿ ಲೋಕವನ್ನೇ ನುಂಗಲು ಹೊರಟ ಶತ್ರುವಿಲ್ಲ, ಆಕಾಶದಿಂದ ಇಳಿಯುವ ಸೈನ್ಯವಿಲ್ಲ. ಪಕ್ಕದ ಬೀದಿಯ ಅನ್ಯಾಯವನ್ನು ಕಂಡು ಸುಮ್ಮನಿರಲಾರದ ಒಬ್ಬ ಬಲಶಾಲಿ ಇದ್ದಾನೆ.

ಮುಂದಿನ ದಶಕಗಳಲ್ಲಿ ಈ ಅಳತೆ ಹಿಗ್ಗುತ್ತಲೇ ಹೋಯಿತು. ಊರು ಉಳಿಸುತ್ತಿದ್ದವರು ಭೂಮಿಯನ್ನು ಉಳಿಸತೊಡಗಿದರು, ಭೂಮಿ ಸಾಲದೆಂದು ಬ್ರಹ್ಮಾಂಡಗಳನ್ನೇ ಉಳಿಸತೊಡಗಿದರು. ಅಪಾಯ ಅಷ್ಟು ದೊಡ್ಡದಾದಾಗ ನೋಡುವವರ ಎದೆ ನಡುಗುವುದಿಲ್ಲ, ಏಕೆಂದರೆ ಅಲ್ಲಿ ಯಾರ ಮುಖವೂ ಕಾಣುವುದಿಲ್ಲ. ಸೂಪರ್‌ಹೀರೋ ಚಿತ್ರಗಳಿಂದ ಜನ ಬೇಸತ್ತಿದ್ದಾರೆಂಬ ಮಾತನ್ನು ಗನ್ ಅಲ್ಲಗಳೆಯುವುದಿಲ್ಲ. ಭಾವನೆಯ ನೆಲೆಗಟ್ಟಿಲ್ಲದೆ ಒಬ್ಬರಿಗೊಬ್ಬರು ಬಡಿದಾಡುವುದನ್ನಷ್ಟೇ ತೋರಿಸಿದರೆ ಬೇಸರ ಬಾರದೆ ಇರುತ್ತದೆಯೇ ಎಂಬ ಧಾಟಿಯಲ್ಲಿ ಅವರು 2023ರಲ್ಲಿಯೇ ಮಾತನಾಡಿದ್ದರು.

ಈ ತಿಳಿವಳಿಕೆ ಅವರ ಪಾತ್ರಗಳ ಆಯ್ಕೆಯಲ್ಲಿಯೂ ಕಾಣುತ್ತದೆ. ಟ್ರೋಮಾ ಎಂಬ ಅಗ್ಗದ ಚಿತ್ರಗಳ ಸಂಸ್ಥೆಯಲ್ಲಿ ಬರವಣಿಗೆ ಕಲಿತ ಗನ್, ಕಾಮಿಕ್ಸ್ ಲೋಕದ ಮೂಲೆಗುಂಪಾದವರನ್ನೇ ಹುಡುಕಿ ಹುಡುಕಿ ತಂದರು. ಮೈತುಂಬ ಬಣ್ಣದ ಚುಕ್ಕೆಗಳಿರುವ ಪೋಲ್ಕಾ ಡಾಟ್ ಮ್ಯಾನ್ 1962ರಲ್ಲಿ ಹುಟ್ಟಿದ ಪಾತ್ರ. ದಶಕಗಳ ಕಾಲ ನಗೆಪಾಟಲಿಗೆ ಈಡಾಗಿದ್ದ ಅವನಿಗೆ 2021ರ ‘ದಿ ಸೂಸೈಡ್ ಸ್ಕ್ವಾಡ್’ನಲ್ಲಿ ಮಗನ ಮೇಲೆಯೇ ಪ್ರಯೋಗ ನಡೆಸಿದ ತಾಯಿಯೊಬ್ಬಳನ್ನು ಕೊಟ್ಟು, ಅವನ ನೋವು ನಮಗೆ ತಟ್ಟುವಂತೆ ಮಾಡಿದರು. ರಾಕೆಟ್ ಎಂಬ ರಕೂನ್ ಪ್ರಾಣಿಯ ವಿಷಯವಂತೂ ಹೇಳಲೇಬೇಕು. 2023ರಲ್ಲಿ ಬಂದ ‘ಗಾರ್ಡಿಯನ್ಸ್ ಆಫ್ ದಿ ಗ್ಯಾಲಕ್ಸಿ’ ಸರಣಿಯ ಮೂರನೆಯ ಚಿತ್ರದಲ್ಲಿ ಪಂಜರದೊಳಗೆ ಆ ಮರಿಯೂ ಅದರ ಗೆಳೆಯರೂ ತಮಗೆ ತಾವೇ ಹೆಸರಿಟ್ಟುಕೊಳ್ಳುವ ದೃಶ್ಯವನ್ನು ನಾನು ಎರಡನೆಯ ಸಲ ನೋಡಲು ಧೈರ್ಯ ಮಾಡಿಲ್ಲ.

ಆದರೆ ಈಗ ಗನ್ ಬರಿಯ ನಿರ್ದೇಶಕರಲ್ಲ. 2022ರ ನವೆಂಬರ್‌ನಿಂದ ನಿರ್ಮಾಪಕ ಪೀಟರ್ ಸಫ್ರಾನ್ ಅವರೊಂದಿಗೆ, ಸೂಪರ್‌ಮ್ಯಾನ್ ಚಿತ್ರಗಳನ್ನು ತಯಾರಿಸುವ ಡಿಸಿ ಸ್ಟುಡಿಯೋಸ್‌ನ ಹೊಣೆ ಹೊತ್ತಿದ್ದಾರೆ. ಸ್ಟುಡಿಯೋ ನಡೆಸುವವರಿಗೆ ಬಿಡುಗಡೆಯ ದಿನಾಂಕ ಮೊದಲು, ಕಥೆ ಆಮೇಲೆ ಎಂಬ ಕಾಯಿಲೆ ಬೇಗ ಅಂಟಿಕೊಳ್ಳುತ್ತದೆ. ಚಿತ್ರಕಥೆ ಪೂರ್ತಿಯಾಗದೆ ಚಿತ್ರೀಕರಣವಿಲ್ಲ ಎಂಬ ನಿಯಮವನ್ನು ಅವರು ಹಾಕಿಕೊಂಡಿದ್ದಾರೆ. ಒಪ್ಪಿಗೆ ಪಡೆದಿದ್ದ ಒಂದು ಚಿತ್ರವನ್ನೂ ಚಿತ್ರಕಥೆ ಸಿದ್ಧವಿಲ್ಲವೆಂದು ಕೈಬಿಟ್ಟಿದ್ದಾಗಿ ಹೇಳಿದ್ದಾರೆ. ಈ ಒಂದು ನಿಯಮವನ್ನು ಅವರು ಕೊನೆಯವರೆಗೂ ಬಿಡಬಾರದೆಂಬುದು ನನ್ನ ಆಸೆ.

2026ಕ್ಕೆಂದು ಗೊತ್ತುಮಾಡಿರುವ ಚಿತ್ರಗಳಲ್ಲಿ ನನಗೆ ಹೆಚ್ಚು ಕುತೂಹಲವಿರುವುದು ಕ್ರೇಗ್ ಗಿಲೆಸ್ಪಿ ನಿರ್ದೇಶನದ ‘ಸೂಪರ್‌ಗರ್ಲ್’ ಬಗ್ಗೆ. ಟಾಮ್ ಕಿಂಗ್ ಬರೆದ ಕಾಮಿಕ್ಸ್ ಅದಕ್ಕೆ ಆಧಾರ. ಸೂಪರ್‌ಮ್ಯಾನ್ ತನ್ನ ಗ್ರಹ ನಾಶವಾದಾಗ ಕೂಸು, ಅವನಿಗೆ ಏನೂ ನೆನಪಿಲ್ಲ. ಸೂಪರ್‌ಗರ್ಲ್ ಆಗಿರುವ ಕಾರಾ ತನ್ನವರು ಒಬ್ಬೊಬ್ಬರಾಗಿ ಸಾಯುವುದನ್ನು ಕಣ್ಣಾರೆ ಕಂಡವಳು. ಅಪ್ಪನನ್ನು ಕೊಂದವನ ಬೆನ್ನು ಹತ್ತಿದ ಒಬ್ಬ ಹುಡುಗಿಯ ಜೊತೆ ಅವಳು ನಡೆಯುವ ಕಥೆಯಿದು. ಬ್ರಹ್ಮಾಂಡ ಹಿನ್ನೆಲೆಯಲ್ಲಿದ್ದರೂ ಮುಂದೆ ನಿಂತಿರುವುದು ಇಬ್ಬರ ದುಃಖ. ಇನ್ನೊಂದು ಚಿತ್ರವಾದ ‘ಕ್ಲೇಫೇಸ್’ ನಟನೊಬ್ಬನ ಭಯಾನಕ ಕಥೆ, ಜೇಮ್ಸ್ ವಾಟ್ಕಿನ್ಸ್ ನಿರ್ದೇಶನದ್ದು. ಖಳನಾಯಕನನ್ನೇ ಕೇಂದ್ರದಲ್ಲಿಟ್ಟು ಭಯಾನಕ ಚಿತ್ರ ಮಾಡುವ ಧೈರ್ಯ ನನಗೆ ಮೆಚ್ಚುಗೆಯಾಗಿದೆ.

ಗನ್ ಅವರೇ ಬರೆದು ನಿರ್ದೇಶಿಸುವ ‘ಮ್ಯಾನ್ ಆಫ್ ಟುಮಾರೋ’ 2027ರ ಜುಲೈ 9ಕ್ಕೆ ನಿಗದಿಯಾಗಿದೆ. ಇದರಲ್ಲಿ ಸೂಪರ್‌ಮ್ಯಾನ್ ಮತ್ತು ಅವನ ಕಡುವೈರಿ ಲೆಕ್ಸ್ ಲೂಥರ್ ತಮಗಿಂತ ದೊಡ್ಡದೊಂದು ಅಪಾಯದ ಎದುರು ಒಟ್ಟಾಗಬೇಕಾಗುತ್ತದೆಯಂತೆ. ಹಿಂದಿನ ಚಿತ್ರದಲ್ಲಿ ಅಸೂಯೆ ತನ್ನನ್ನು ತಿನ್ನುತ್ತಿದೆಯೆಂದು ಲೂಥರ್ ಬಾಯಿಬಿಟ್ಟು ಒಪ್ಪಿಕೊಂಡದ್ದನ್ನೂ, ತಾನೂ ಹೆದರುವ, ತಪ್ಪು ಮಾಡುವ ಮನುಷ್ಯನೇ ಎಂದು ಸೂಪರ್‌ಮ್ಯಾನ್ ಉತ್ತರಿಸಿದ್ದನ್ನೂ ನಾನು ಮರೆತಿಲ್ಲ. ಆ ದೊಡ್ಡ ಅಪಾಯ ಎಷ್ಟು ದೊಡ್ಡದು ಎಂಬುದರಲ್ಲಿ ನನಗೆ ಆಸಕ್ತಿಯಿಲ್ಲ. ಇಬ್ಬರೂ ಒಂದೇ ಕೋಣೆಯಲ್ಲಿ ಕೂತು ಕೆಲಸ ಮಾಡುವಾಗ, ಸೂಪರ್‌ಮ್ಯಾನ್ ಲೆಕ್ಕಕ್ಕೆ ಬಾರದ ಯಾವುದೋ ಒಂದು ಜೀವಕ್ಕಾಗಿ ಥಟ್ಟನೆ ಎದ್ದು ಹೊರಟಾಗ, ಲೂಥರ್ ಮುಖ ಹೇಗಿರುತ್ತದೆ ಎಂಬುದನ್ನು ನೋಡಬೇಕಾಗಿದೆ.